ಪೆಟ್ಟಿಗೆಗೆ ಬಂದ ಬುದ್ಧಿ

ಕಳ್ಳಕವಟಗಿಯಿಂದ ವಿಮಾನ ಏರುವವರು ಮೊದಲು ಬಸ್ಸಿನ ಡಿಕ್ಕಿ ನೋಡಬೇಕು. ಊರಿಂದ ತಿಕೋಟಾ, ತಿಕೋಟಾದಿಂದ ವಿಜಯಪುರ. ಅಲ್ಲಿಂದ ಹುಬ್ಬಳ್ಳಿಯೋ, ಬೆಳಗಾವಿಯೋ, ಸೊಲ್ಲಾಪುರವೋ, ಹೈದರಾಬಾದೋ, ಐದುನೂರು ಕಿಲೋಮೀಟರ್ ಆಚೆಯ ಬೆಂಗಳೂರೋ, ಅದು ಅವರವರ ಹಣೆಬರಹ ಮತ್ತು ಟಿಕೆಟ್ ದರಕ್ಕೆ ಬಿಟ್ಟದ್ದು.

ವಿಜಯಪುರದ ಮಗ್ಗುಲಿಗೆ, ಬುರಣಾಪುರದ ಬಳಿ ನಮ್ಮದೇ ಒಂದು ವಿಮಾನ ನಿಲ್ದಾಣ ಎದ್ದಿದೆ. 2021ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿತ್ತು. ಮೊದಲು ಎಟಿಆರ್-72 ಇಳಿದರೆ ಸಾಕು ಎಂದರು. ಆಮೇಲೆ ಏರ್‌ಬಸ್-320 ಇಳಿಯದಿದ್ದರೆ ಆದಿಲ್‌ಶಾಹಿಗಳ ಊರಿಗೇ ಕಡಿಮೆ ಎನಿಸಿ ನಕ್ಷೆ ಹಿಗ್ಗಿತು. ಅಷ್ಟರಲ್ಲಿ ಪರಿಸರ ಅನುಮತಿಯ ಕಾಗದ ಕೋರ್ಟಿನ ಹಾದಿ ಹಿಡಿಯಿತು. ಇಷ್ಟು ವರ್ಷ ಅಲ್ಲಿಂದ ಹಾರಿದ್ದು ಗಡುವುಗಳು.

ಇಂಥ ಸೀಮೆಗೆ ಈಗ ಸ್ಮಾರ್ಟ್ ಪೆಟ್ಟಿಗೆ ಬಂದಿದೆ. ದಿಲ್ಲಿ ಕಡೆ ನೌಕರಿ ಸಿಕ್ಕ, ಹೊಸದಾಗಿ ಮದುವೆಯಾದ ನಮ್ಮೂರ ಹುಡುಗ ಆನ್‌ಲೈನ್‌ನಲ್ಲಿ ತರಿಸಿದ. ಬೂದು ಬಣ್ಣ, ಗಟ್ಟಿ ಪಾಲಿಕಾರ್ಬೊನೇಟ್ ಮೈ, ಫೋನು ಚಾರ್ಜ್ ಮಾಡುವ ಯುಎಸ್‌ಬಿ ಕಿಂಡಿ, ಬೆರಳಿಟ್ಟರೆ ತೆರೆಯುವ ಬೀಗ, ಹಿಡಿಕೆಯಲ್ಲೇ ತಕ್ಕಡಿ, ಎಲ್ಲಿದ್ದೇನೆಂದು ಫೋನಿಗೆ ಹೇಳುವ ಟ್ರ್ಯಾಕರ್, ಎತ್ತ ಬೇಕಾದರತ್ತ ತಿರುಗುವ ನಾಲ್ಕು ಗಾಲಿ. ಗಾಲಿಗಳು ನುಣುಪು ನೆಲಕ್ಕೆಂದೇ ಹುಟ್ಟಿದವು. ಮನೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಇರುವುದು ಖಡಿ, ಅದರಾಚೆ ಎರಿಮಣ್ಣು. ಹುಡುಗ ನಾಲ್ಕು ಗಾಲಿಯ ಪೆಟ್ಟಿಗೆಯನ್ನು ತಲೆ ಮೇಲೆ ಹೊತ್ತು ನಡೆದ. ಗಾಲಿಗಳು ಮೇಲೆ ಗಾಳಿಗೆ ಚೆಂದ ತಿರುಗುತ್ತಿದ್ದವು.

ತಕ್ಕಡಿಯ ಪ್ರಸಂಗ ಹಿಂದಿನ ರಾತ್ರಿಯದು. ದೇಶದೊಳಗಿನ ಹಾರಾಟದಲ್ಲಿ ಬೆಲ್ಟಿಗೆ ಹಾಕುವ ಲಗೇಜು ಸಾಮಾನ್ಯವಾಗಿ 15 ಕಿಲೋ, ಕೈಯಲ್ಲಿ ಒಯ್ಯುವುದು 7 ಕಿಲೋ. ಒಳಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ತೋಟದ ಒಣದ್ರಾಕ್ಷಿ ಎಲ್ಲ ಸೇರಿ ಪೆಟ್ಟಿಗೆಯ ಬಾಯಿ ಮುಚ್ಚದಾಗಿತ್ತು. ಹುಡುಗ ಹಿಡಿಕೆ ಹಿಡಿದು ಎತ್ತಿದ, ಫೋನು ನೋಡಿದ, ಇಳಿಸಿದ, ಮತ್ತೆ ಎತ್ತಿದ.

“ಎಷ್ಟ ತೋರಸ್ತೈತೋ ತಮ್ಮಾ?” ಎಂದರು ಕಾಕಾ.

“ಆ್ಯಪ್ ಅಪ್‌ಡೇಟ್ ಕೇಳಾಕತ್ತೈತಿ ಕಾಕಾ. ನೆಟ್ ಬರವಲ್ದು.”

ಕಾಕಾ ಒಣದ್ರಾಕ್ಷಿ ಶೆಡ್ಡಿನವರು. ಹದಿನೈದು ಕಿಲೋ ಬಾಕ್ಸು ತುಂಬಿ, ಎತ್ತಿ, ಒಟ್ಟಿ ಜೀವನ ಕಳೆದವರು. ಕೂತಲ್ಲಿಂದಲೇ ಒಂದು ಕೈಯಲ್ಲಿ ಎತ್ತಿ ಕೆಳಗಿಟ್ಟರು. “ಹದಿನಾರೂವರಿ ಐತಿ. ಒಂದೂವರಿ ತಗಿ.” ಎರಡು ದಿನ ಕಳೆದು ಕೌಂಟರಿನ ತಕ್ಕಡಿ ಕಾಕಾನ ಮಾತನ್ನು ಗೌರವಿಸಿತು. ಆ್ಯಪ್ ಇನ್ನೂ ಅಪ್‌ಡೇಟ್ ಆಗುತ್ತಲೇ ಇತ್ತು.

ಬೆರಳಿನ ಬೀಗಕ್ಕೆ ಮನೆಯವರೆಲ್ಲ ಸಾಲಾಗಿ ಬಂದು ಬೆರಳು ಕೊಟ್ಟರು. ಅವ್ವನದು ಮೂಡಲಿಲ್ಲ. ಅವ್ವನಿಗೆ ಅದೇನು ಹೊಸದಲ್ಲ, ರೇಷನ್ ಅಂಗಡಿಯ ಮಷೀನು ತಿಂಗಳಿಗೊಮ್ಮೆ ಆಕೆಯನ್ನು ಗುರುತಿಸಲು ನಿರಾಕರಿಸುತ್ತದೆ. ಕಳೆ ಕಿತ್ತು, ಬಳ್ಳಿ ಕಟ್ಟಿ ಸವೆದ ಹೆಬ್ಬೆರಳು ಅದು. ಬೀಗದ ಇನ್ನೊಂದು ಬಗೆ ಇದೆ, ಟಿಎಸ್‌ಎ ಬೀಗ: ಅಮೆರಿಕದ ಭದ್ರತಾ ಸಿಬ್ಬಂದಿ ಒಡೆಯದೆ ತೆರೆಯಲೆಂದು ಅವರ ಬಳಿ ಮಾಸ್ಟರ್ ಕೀಲಿ ಇರುತ್ತದೆ. 2014ರಲ್ಲಿ ವಾಷಿಂಗ್ಟನ್ ಪೋಸ್ಟ್ ಆ ಕೀಲಿಗಳ ಫೋಟೋ ಅಚ್ಚು ಹಾಕಿತು. ಮರುವರ್ಷ ಅದನ್ನು ನೋಡಿಯೇ ಮನೆಯಲ್ಲಿ ತ್ರೀಡಿ ಪ್ರಿಂಟರಿನಿಂದ ಕೀಲಿ ತೆಗೆಯುವ ನಕ್ಷೆ ಜಗತ್ತಿಗೆಲ್ಲ ಹಂಚಿಹೋಯಿತು. ಹೆತ್ತವ್ವನಿಗೆ ತೆರೆಯದ ಪೆಟ್ಟಿಗೆಯೂ ಉಂಟು, ಊರಿಗೆಲ್ಲ ತೆರೆಯುವ ಪೆಟ್ಟಿಗೆಯೂ ಉಂಟು. ಆಯ್ಕೆ ಗ್ರಾಹಕರದು.

ಈ ಜಾಣ ಪೆಟ್ಟಿಗೆಗಳ ಇತಿಹಾಸ ದೊಡ್ಡದಲ್ಲ, ಆದರೆ ಬಲು ಪಾಠದ್ದು. ಬ್ಲೂಸ್ಮಾರ್ಟ್ ಎಂಬ ಕಂಪನಿ 2014ರಲ್ಲಿ ಜನರಿಂದ ಮುಂಗಡ ಎತ್ತಿ ತಕ್ಕಡಿ, ಟ್ರ್ಯಾಕರ್, ಬೀಗ, ಚಾರ್ಜರ್ ಎಲ್ಲ ತುಂಬಿದ ಪೆಟ್ಟಿಗೆ ಮಾಡಿತು. ಬ್ಯಾಟರಿಯನ್ನು ಮಾತ್ರ ಒಳಗೇ ಕೂರಿಸಿ ಹೊಲಿದುಬಿಟ್ಟಿತು. 2017ರ ಡಿಸೆಂಬರಿನಲ್ಲಿ ಅಮೆರಿಕನ್, ಡೆಲ್ಟಾ, ಅಲಾಸ್ಕಾ ವಿಮಾನ ಕಂಪನಿಗಳು ಹೇಳಿದವು: ಬ್ಯಾಟರಿ ಕಳಚಲು ಬಾರದ ಪೆಟ್ಟಿಗೆ 2018ರ ಜನವರಿ 15ರಿಂದ ನಮ್ಮ ವಿಮಾನದಲ್ಲಿ ಬೇಡ. ಆ ಮೇ ತಿಂಗಳಲ್ಲಿ ಬ್ಲೂಸ್ಮಾರ್ಟ್ ಬಾಗಿಲು ಹಾಕಿತು. ಅದೇ ತಿಂಗಳು ರೇಡನ್ ಎಂಬ ಇನ್ನೊಂದು ಕಂಪನಿಯೂ ಹೋಯಿತು. ಪ್ರಯಾಣಕ್ಕೆಂದೇ ಮಾಡಿದ, ಪ್ರಯಾಣ ಮಾಡಲಾಗದ ಪೆಟ್ಟಿಗೆ ಕೊಂಡವರು ಅದರಲ್ಲಿ ಚಳಿಗಾಲದ ಉಲ್ಲನ್ ತುಂಬಿ ಅಟ್ಟಕ್ಕೆ ಹಾಕಿರಬೇಕು.

ವಿಮಾನದವರು ಹೆದರಿದ್ದರಲ್ಲಿ ತಪ್ಪಿಲ್ಲ. ಲಿಥಿಯಂ ಬ್ಯಾಟರಿಯ ಒಂದು ಕೋಶ ಕೆಟ್ಟು ಕಾದರೆ ಪಕ್ಕದ್ದನ್ನೂ ಕಾಯಿಸುತ್ತದೆ, ಅದು ಮುಂದಿನದನ್ನು. ಕ್ಯಾಬಿನ್ನಿನಲ್ಲಾದರೆ ಹೊಗೆ ಕಾಣುತ್ತದೆ, ಸಿಬ್ಬಂದಿ ನೀರು ಸುರಿದು ತಣಿಸಬಹುದು. ವಿಮಾನದ ಹೊಟ್ಟೆಯೊಳಗಿನ ಲಗೇಜಿನಲ್ಲಾದರೆ ಯಾರೂ ಕೈ ಹಾಕಲಾರರು. ಆದ್ದರಿಂದ ನಿಯಮ: ಬ್ಯಾಟರಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳಿ. 100 ವ್ಯಾಟ್-ಅವರ್ ತನಕ ಸರಿ, 160ರ ತನಕ ವಿಮಾನದವರ ಒಪ್ಪಿಗೆ ಬೇಕು, ಅದರ ಮೇಲೆ ಇಲ್ಲವೇ ಇಲ್ಲ. ಪವರ್ ಬ್ಯಾಂಕಿನ ಮೈಮೇಲೆ ಎಂಎಎಚ್ ಎಂದು ದೊಡ್ಡದಾಗಿ ಬರೆದದ್ದನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. 20,000 ಇದ್ದರೆ 74 ಬರುತ್ತದೆ, ನಿಶ್ಚಿಂತೆ. 2025ರ ಜನವರಿಯಲ್ಲಿ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನ ಹೊತ್ತಿ ಉರಿದ ಮೇಲೆ, ಪವರ್ ಬ್ಯಾಂಕನ್ನು ತಲೆ ಮೇಲಿನ ಗೂಡಿನಲ್ಲೂ ಇಡಬೇಡಿ, ಕಣ್ಣೆದುರೇ ಇಟ್ಟುಕೊಳ್ಳಿ ಎಂದು ಅಲ್ಲಿನ ಸರಕಾರ ಹೇಳಿತು. ಅಂದರೆ ಪೆಟ್ಟಿಗೆ ಬೆಲ್ಟಿನ ಮೇಲೆ ಹೋಗುತ್ತದೆ, ಅದರ ಬುದ್ಧಿ ನಿಮ್ಮ ತೊಡೆಯ ಮೇಲೆ ಕೂರುತ್ತದೆ. ಕಾಯುವವರು ನೀವು.

ಟ್ರ್ಯಾಕರಿನ ಮಹಿಮೆಯೂ ಇಷ್ಟೇ. ಬಸ್ಸು ರಾತ್ರಿ ಧಾಬಾ ಮುಂದೆ ನಿಂತಾಗ ಹುಡುಗ ಫೋನು ತೆಗೆದು ಹೆಂಡತಿಗೆ ತೋರಿಸಿದ: ಪೆಟ್ಟಿಗೆ ಧಾಬಾದಲ್ಲಿದೆ. ಆಕೆ ಕಿಟಕಿಯಿಂದ ನೋಡಿದಳು. ಹೌದು, ಧಾಬಾ.

ತಮಾಷೆ ಇರಲಿ. ಪೆಟ್ಟಿಗೆ ಕಳೆಯುವುದು ನಿಜ. ವಿಮಾನ ಕಂಪನಿಗಳಿಗೆ ತಂತ್ರಜ್ಞಾನ ಒದಗಿಸುವ ಸೀಟಾ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನಾದ್ಯಂತ ಸಾವಿರ ಪ್ರಯಾಣಿಕರಿಗೆ 7.6 ಪೆಟ್ಟಿಗೆ ತಡವಾದವು, ಕಳೆದವು ಇಲ್ಲವೇ ಹಾಳಾದವು; 2024ಕ್ಕೆ ಅದು 6.3ಕ್ಕೆ ಇಳಿಯಿತು, ಆದರೂ ಮೂರು ಕೋಟಿಗೂ ಮೇಲೆ. ಜನ ಬೇಸತ್ತು ಏರ್‌ಟ್ಯಾಗ್ ಎಂಬ ಪುಟ್ಟ ಟ್ರ್ಯಾಕರ್ ಕೊಂಡು ಒಳಗೆ ಹಾಕತೊಡಗಿದಾಗ, 2022ರ ಅಕ್ಟೋಬರಿನಲ್ಲಿ ಲುಫ್ತಾನ್ಸಾ ಅದೂ ಅಪಾಯಕಾರಿ ವಸ್ತು ಎಂದಿತು, ಕೆಲವೇ ದಿನಗಳಲ್ಲಿ ಅಪಾಯವಿಲ್ಲ ಎಂದಿತು. ಒಳಗಿರುವುದು ಗುಂಡಿಯಷ್ಟು ಕೋಶ, ನಿಯಮದ ಮಿತಿಗಿಂತ ಎಷ್ಟೋ ಕಡಿಮೆ ಲಿಥಿಯಂ. ಈಗ ಗಾಳಿ ಪೂರ್ತಿ ತಿರುಗಿದೆ. ನಿಮ್ಮ ಏರ್‌ಟ್ಯಾಗಿನ ಲಿಂಕ್ ನಮಗೆ ಕಳಿಸಿ ಎಂದು ವಿಮಾನ ಕಂಪನಿಗಳೇ ಕೇಳುತ್ತವೆ. 2025ರಲ್ಲಿ ಏರ್ ಇಂಡಿಯಾ ಕೂಡ ಆ ಸಾಲಿಗೆ ಸೇರಿತು. ಪೆಟ್ಟಿಗೆ ಎಲ್ಲಿ ಎಂದು ನಾವು ಅವರನ್ನು ಕೇಳುತ್ತಿದ್ದ ಕಾಲ ಹೋಗಿ, ಅವರು ನಮ್ಮನ್ನು ಕೇಳುವ ಕಾಲ ಬಂತು. ಕಳೆದದ್ದು ಅವರು, ಹುಡುಕುವ ಯಂತ್ರಕ್ಕೆ ದುಡ್ಡು ಕೊಟ್ಟದ್ದು ನಾವು. ಪೆಟ್ಟಿಗೆಗೆ ಬುದ್ಧಿ ಬಂದಷ್ಟೂ ಉಳಿದವರೆಲ್ಲ ಹಗುರಾದರು. ಕಡೆಗೂ ಸಿಗದೇ ಹೋದರೆ ದೇಶದೊಳಗಿನ ಹಾರಾಟಕ್ಕೆ ಪರಿಹಾರ ಹೆಚ್ಚೆಂದರೆ 20,000 ರೂಪಾಯಿ. ದುಬಾರಿ ಪೆಟ್ಟಿಗೆಯಾದರೆ ಖಾಲಿ ಪೆಟ್ಟಿಗೆಯ ಬೆಲೆಯೇ ಅದರಲ್ಲಿ ಹುಟ್ಟುವುದಿಲ್ಲ.

ಕೊಳ್ಳಲೇಬೇಕು ಎನ್ನುವವರಿಗೆ: ಬ್ಯಾಟರಿ ಹೊರಗಿನಿಂದಲೇ, ಸ್ಕ್ರೂಡ್ರೈವರ್ ಇಲ್ಲದೆ ಕಳಚಬೇಕು. ಬ್ಯಾಟರಿ ತೆಗೆದ ಮೇಲೂ ಬೀಗ ತೆರೆಯಬೇಕು. ಅಂಗಡಿಯವರು ಇದನ್ನು ಹೇಳುವುದಿಲ್ಲ. ನಮ್ಮ ಹುಡುಗನಿಗಂತೂ ಯಾರೂ ಹೇಳಿರಲಿಲ್ಲ.

ಕಾಕಾ ತೂಗುವ ಮೊದಲೇ ಅವ್ವ ಸೊಸೆಗೆ ಉಡಿ ತುಂಬಿದ್ದಳು. ಅಕ್ಕಿ, ಅರಿಶಿನಕೊಂಬು, ಅಡಿಕೆ, ಉತ್ತತ್ತಿ, ಮತ್ತೆ ಒಣಕೊಬ್ಬರಿ ಬಟ್ಟಲು. ಸೊಸೆ ಅದನ್ನು ಭಕ್ತಿಯಿಂದ ಪೆಟ್ಟಿಗೆಯ ತಳಕ್ಕೆ ಸೇರಿಸಿದ್ದಳು. ವಿಮಾನದ ನಿಯಮದ ಪುಸ್ತಕದಲ್ಲಿ ಒಣಕೊಬ್ಬರಿಯೂ ಅಪಾಯಕಾರಿ ವಸ್ತುವೇ: ಎಣ್ಣೆ ಹೆಚ್ಚು, ತನ್ನಷ್ಟಕ್ಕೆ ತಾನೇ ಕಾದು ಹೊತ್ತಿಕೊಳ್ಳಬಲ್ಲದು. ಮಗನ ಬ್ಯಾಟರಿಗೂ ಅವ್ವನ ಕೊಬ್ಬರಿಗೂ ಅಲ್ಲಿ ಸಹಪಂಕ್ತಿ ಭೋಜನ.

ಕೌಂಟರಿನಲ್ಲಿ ಹುಡುಗ ಶಿಸ್ತಾಗಿ ಬ್ಯಾಟರಿ ಕಳಚಿ ಜೇಬಿಗಿಟ್ಟ. ಅದರ ಗೂಡು ಪೆಟ್ಟಿಗೆಯೊಳಗೆ, ಆದ್ದರಿಂದ ತೆರೆದು, ಕಳಚಿ, ಮುಚ್ಚಿದ. ಬೀಗ ಟಕ್ಕೆಂದಿತು. ಹೊಸ ಪೆಟ್ಟಿಗೆಗೆ ಗೀರು ಬೀಳದಿರಲೆಂದು ದುಡ್ಡು ಕೊಟ್ಟು ಪ್ಲಾಸ್ಟಿಕ್ ಸುತ್ತಿಸಿದ. ಸ್ವಲ್ಪ ಹೊತ್ತಿಗೆ ಅವನ ಹೆಸರು ಕೂಗಿದರು. ಎಕ್ಸ್‌ರೇಯಲ್ಲಿ ಬಟ್ಟಲಿನಂಥದ್ದೇನೋ ಕಂಡಿದೆ, ತೆರೆದು ತೋರಿಸಿ.

ಪ್ಲಾಸ್ಟಿಕ್ ಹರಿದ. ಬೆರಳಿಟ್ಟ. ಬೀಗ ಉಸಿರೆತ್ತಲಿಲ್ಲ. ಬೀಗಕ್ಕೆ ಕರೆಂಟು ಬರುವುದು ಆ ಬ್ಯಾಟರಿಯಿಂದಲೇ. ಬೀಗ ತೆರೆಯಲು ಬ್ಯಾಟರಿ ಹಾಕಬೇಕು; ಬ್ಯಾಟರಿ ಹಾಕಲು ಬೀಗ ತೆರೆಯಬೇಕು. ಹುಡುಗ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದ. ಕನ್ನಡಕ್ಕೆ ಒಂದನ್ನು ಒತ್ತಿ ಎಂದಿತು, ಒತ್ತಿದ, ಹಿಂದಿಯಲ್ಲಿ ಹಾಡು ಶುರುವಾಯಿತು.

ಸ್ಕ್ರೀನಿಂಗ್ ಸಿಬ್ಬಂದಿಯವರಿಗೆ ಇದೇನು ಮೊದಲ ಜಾಣ ಪೆಟ್ಟಿಗೆಯಲ್ಲ. “ಸರ್, ತೆರೆಯಲಾ?” ಎಂದು ಒಪ್ಪಿಗೆ ಕೇಳಿ, ಜೇಬಿನಿಂದ ಬಾಲ್‌ಪೆನ್ ತೆಗೆದು ಜಿಪ್ಪಿನ ಹಲ್ಲುಗಳ ನಡುವೆ ಚುಚ್ಚಿ ಎಳೆದರು. ಪೆಟ್ಟಿಗೆ ಈ ತುದಿಯಿಂದ ಆ ತುದಿಗೆ ಬಾಯಿ ಬಿಟ್ಟಿತು. ಶೇಂಗಾ ಚಟ್ನಿಯ ಘಮ ಎದ್ದಿತು, ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿದರು.

“ಕೊಬ್ಬರಿ ಅಷ್ಟ ತಗೀರಿ,” ಎಂದರು ಸಿಬ್ಬಂದಿ. “ರೊಟ್ಟಿಗೇನ ಅಡ್ಡಿಯಿಲ್ಲ.”