ಮುಳ್ಳು ಮೀಮಾಂಸೆ: ಪಿಕಪ್ಪೊಂದರ ಸೆನ್ಸಾರ್ ಬದಲಾದ ಶಾಸ್ತ್ರೀಯ ವೃತ್ತಾಂತ

ಮುಳ್ಳಿನ ಬಗ್ಗೆ ಕನ್ನಡದಲ್ಲಿ ಗಾದೆಗಳಿಗೇನೂ ಕೊರತೆಯಿಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದಿದ್ದಾರೆ. ಮುಳ್ಳಿನ ಮೇಲೆ ಬಟ್ಟೆ ಹಾಕಿದರೆ ಹುಷಾರಾಗಿ ತೆಗೆಯಬೇಕು ಎಂದೂ ಎಚ್ಚರಿಸಿದ್ದಾರೆ. ಆದರೆ ಪಿಕಪ್ ಗಾಡಿಯ ಮೀಟರಿನಲ್ಲಿ ಸೊನ್ನೆಗೆ ಅಂಟಿಕೊಂಡು ಕೂತ ಮುಳ್ಳಿನ ವಿಷಯದಲ್ಲಿ ನಮ್ಮ ಪಂಡಿತ ಪರಂಪರೆ ತಾಳಿರುವ ಮೌನ ಅಕ್ಷಮ್ಯ. ಆ ಕೊರತೆ ನೀಗಿಸಲು ಪ್ರಸ್ತುತ ಪ್ರಬಂಧ ಹೊರಟಿದೆ. ಅಧ್ಯಯನದ ಕ್ಷೇತ್ರ: ದಾವಣಗೆರೆಯ ಮಂಡಿಪೇಟೆಯಿಂದ ಹರಿಹರದವರೆಗೆ. ಕಾಲ: ಒಂದು ಸೋಮವಾರದ ಬೆಳಗಿನಿಂದ ಬುಧವಾರದ ಸಂಜೆಯವರೆಗೆ. ಆಕರ: ನನ್ನ ಭಾವಮೈದುನನ ಡೀಸೆಲ್ ಪಿಕಪ್. ಅನುದಾನ: ಅವನದೇ ಜೇಬು.

ಮೊದಲು ಸ್ಥಳನಾಮ ವಿಚಾರ. ಹೈದರಾಲಿ ಈ ಊರನ್ನು ಅಪೋಜಿ ರಾಮನೆಂಬ ಮರಾಠ ಸರದಾರನಿಗೆ ಕೊಟ್ಟನೆಂದೂ ಅವನು ವ್ಯಾಪಾರಸ್ಥರನ್ನು ಕರೆತಂದು ನೆಲೆಗೊಳಿಸಿದನೆಂದೂ ಹಳೆಯ ಗೆಜೆಟಿಯರ್ ಹೇಳುತ್ತದೆ. ಮಂಡಿ ಎಂದರೆ ಸಗಟು ಅಂಗಡಿ, ಆದ್ದರಿಂದ ಮಂಡಿಪೇಟೆ. ಇದು ರೂಢಿಯ ಅರ್ಥ. ನನ್ನದು ಬೇರೆ ಮತ. ಕನ್ನಡದಲ್ಲಿ ಮಂಡಿಗೆ ಮೊಣಕಾಲು ಎಂಬ ಅರ್ಥವೂ ಇದೆ. ಗೇರ್ ಬಾಕ್ಸಿನ ಹಿಂಬದಿಯಲ್ಲಿರುವ ಸೆನ್ಸಾರನ್ನು ಮಂಡಿಯೂರದೆ ಕಂಡವರಿಲ್ಲ. ಅಪೋಜಿ ರಾಮನ ಕಾಲದಲ್ಲಿ ಪಿಕಪ್ ಇರಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿರುಕ್ತಿ ಹೇಳುವವರಿಗೆ ಅಷ್ಟು ಸ್ವಾತಂತ್ರ್ಯ ಮೊದಲಿನಿಂದಲೂ ಇದೆ.

ಇನ್ನು ಪದವಿಚಾರ. ಚಿತ್ರಕ್ಕೆ ಕತ್ತರಿ ಹಾಕುವುದೂ ಸೆನ್ಸಾರ್, ಗಾಡಿಯ ವೇಗ ಅಳೆಯುವುದೂ ಸೆನ್ಸಾರ್. “ಗಾಡೀದು ಸೆನ್ಸಾರ್ ಹೋಗೈತಂತೆ” ಎಂದು ನಾನು ಮನೆಯಲ್ಲಿ ಹೇಳಿದಾಗ ನಮ್ಮತ್ತೆಯವರು, “ಯಾವ ಪಿಕ್ಚರ್ದು?” ಎಂದರು. ಈ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಗಾಡಿ ನಲವತ್ತರಲ್ಲಿ ಓಡುತ್ತಿದೆ ಎಂಬ ಸತ್ಯಕ್ಕೆ ಕತ್ತರಿ ಹಾಕಿ, ಪರದೆಯ ಮೇಲೆ ಸೊನ್ನೆ ತೋರಿಸುತ್ತಿತ್ತಲ್ಲ ಅದು?

ರೋಗಲಕ್ಷಣ ಹೀಗೆ. ಸೋಮವಾರ ಬೆಳಿಗ್ಗೆ ಭಾವಮೈದುನ ಮಂಡಕ್ಕಿ ಭಟ್ಟಿಯಿಂದ ಹರಿಹರಕ್ಕೆ ಲೋಡು ಹಾಕಿಕೊಂಡ. ಮಂಡಕ್ಕಿಯ ಲೋಡು ದಾವಣಗೆರೆಯವರಿಗಷ್ಟೇ ಅರ್ಥವಾಗುವ ದೃಶ್ಯ: ಗಾಡಿಯ ಮೇಲೆ ಗಾಡಿಯಷ್ಟೇ ಎತ್ತರದ ಮೂಟೆ, ನೋಡಿದವರು ಎದೆ ಹಿಡಿದುಕೊಳ್ಳಬೇಕು, ಸ್ಪ್ರಿಂಗ್ ಪಟ್ಟಿಗಳು ಮಾತ್ರ ಖಾಲಿ ಗಾಡಿಯಲ್ಲಿದ್ದಷ್ಟೇ ನಿರಾಳ. ಪಿ.ಬಿ. ರಸ್ತೆಗೆ ಬಂದಾಗ ಮುಳ್ಳು ಸತ್ತಿತ್ತು, ಕಿಲೋಮೀಟರಿನ ಅಂಕಿ ನಿಂತಿತ್ತು, ಇಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿತ್ತು. ಫೋನ್ ಬಂತು. “ಭಾವ, ಗಾಡಿ ಓಡ್ತೈತಿ, ಗಾಡಿಗೇ ಅದು ಗೊತ್ತಿಲ್ಲ!”

ಚಲಿಸುತ್ತಿರುವುದು ಚಲಿಸುತ್ತಿಲ್ಲವೆಂದು ತೋರುವುದು ಮಾಯೆಯೋ ವೈರಿಂಗೋ? ಇಲ್ಲಿ ಎರಡು ಸಂಪ್ರದಾಯಗಳಿವೆ. ಎಲೆಕ್ಟ್ರಿಷಿಯನ್ ಮತದ ಪ್ರಕಾರ ದೋಷವೆಲ್ಲ ವೈರಿನದು; ಕಾಳಿನ ಅಂಗಡಿ ಮುಂದೆ ರಾತ್ರಿ ನಿಂತ ಗಾಡಿಯ ವೈರನ್ನು ಇಲಿ ಕಡಿಯದೆ ಇನ್ನಾರು ಕಡಿಯಬೇಕು? ಗ್ಯಾರೇಜಿನ ಉಸ್ತಾದರ ಮತದ ಪ್ರಕಾರ ವೈರು ನಿಮಿತ್ತ ಮಾತ್ರ, ದೋಷ ಸೆನ್ಸಾರಿನದು. ಇಬ್ಬರೂ ಬಾನೆಟ್ಟಿನ ಆ ಕಡೆ ಈ ಕಡೆ ನಿಂತು ಒಂದು ಗಂಟೆ ವಾದಿಸಿದರು. ಅಷ್ಟರಲ್ಲಿ ಎರಡು ಸುತ್ತು ಚಹಾ, ಒಂದು ಸುತ್ತು ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಸೆನ್ಸಾರ್ ಇರುವುದು ಗೇರ್ ಬಾಕ್ಸಿನ ಹತ್ತಿರ, ಬಾನೆಟ್ಟಿನ ಹತ್ತಿರವಲ್ಲ ಎಂಬುದನ್ನು ಚಹಾ ತಂದ ಹುಡುಗ ನೆನಪಿಸಿದ.

ವಾದ ಇತ್ಯರ್ಥವಾದದ್ದು ಶಾಸನ ಪ್ರಮಾಣದಿಂದ. ಉಸ್ತಾದರು ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದರು; ಪರದೆಯ ಮೇಲೆ ಐದು ಅಕ್ಷರ ಮೂಡಿತು: ಪಿ0500. ಹರಿಹರದ ಶಾಸನಗಳನ್ನು ರೈಸ್ ಸಾಹೇಬರು ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟದಲ್ಲಿ ಓದಿಕೊಟ್ಟಿದ್ದಾರೆ; ಇದನ್ನು ಓದುವ ಭಾಗ್ಯ ನನ್ನದಾಯಿತು. ಪಿ ಎಂದರೆ ಇಂಜಿನ್, ಗೇರ್ ಬಾಕ್ಸುಗಳ ಪ್ರಕರಣ. ಮೊದಲ ಸೊನ್ನೆ, ಈ ಸಂಕೇತ ಒಂದೇ ಕಂಪನಿಯ ಸ್ವತ್ತಲ್ಲ, ಸರ್ವಸಮ್ಮತ ಎಂಬುದಕ್ಕೆ. ಐದು, ವೇಗದ ವರ್ಗ. ಉಳಿದೆರಡು ಸೊನ್ನೆ, ವೇಗದ ಸೆನ್ಸಾರಿನಿಂದ ಸರಿಯಾದ ಸುದ್ದಿ ಬರುತ್ತಿಲ್ಲ ಎಂಬ ದೂರು. ಇಷ್ಟು ಅರ್ಥವನ್ನು ಐದೇ ಅಕ್ಷರದಲ್ಲಿ ಅಡಕಿದ ಪಂಚಾಕ್ಷರಿ ನಮ್ಮ ಊರಿಗೆ ಇನ್ನೊಂದೇ ಗೊತ್ತು. ಆದರೆ ಶಾಸನ ಸುದ್ದಿ ಬರುತ್ತಿಲ್ಲ ಎಂದಿತೇ ಹೊರತು, ಸುದ್ದಿ ಕಳಿಸುವವನು ಸತ್ತನೋ, ತರುವ ದಾರಿ ಕಡಿಯಿತೋ ಎಂದು ಹೇಳಲಿಲ್ಲ. ಆದ್ದರಿಂದ ಎರಡೂ ಪಕ್ಷ ಗೆದ್ದೆವೆಂದುಕೊಂಡವು. ಹರಿಹರೇಶ್ವರನ ವಿಗ್ರಹದಲ್ಲಿ ಹರಿ ಹರ ಇಬ್ಬರೂ ಒಂದೇ ಮೈಯಲ್ಲಿ ನಿಂತಂತೆ ಇಲ್ಲೂ ಸಮನ್ವಯವಾಯಿತು: ವೈರಿಗೆ ಹೊಸ ಟೇಪು ಸುತ್ತುವುದು, ಸೆನ್ಸಾರನ್ನೂ ಬದಲಿಸುವುದು. ಎರಡರ ಮಜೂರಿಯೂ ಭಾವಮೈದುನನ ಲೆಕ್ಕಕ್ಕೆ.

ಸೆನ್ಸಾರಿನ ಪೂರ್ವಚರಿತ್ರೆಯನ್ನು ಚುಟುಕಾಗಿ ಹೇಳಬೇಕು, ಇಲ್ಲದಿದ್ದರೆ ಪ್ರಬಂಧವೆನಿಸಿಕೊಳ್ಳುವುದಿಲ್ಲ. ಸ್ಟ್ರಾಸ್‌ಬರ್ಗಿನ ಓಟ್ಟೋ ಶುಲ್ಟ್ಸೆ 1902ರಲ್ಲಿ ಸ್ಪೀಡೋಮೀಟರಿಗೆ ಪೇಟೆಂಟ್ ಪಡೆದ. ತಿರುಗುವ ಕೇಬಲ್ಲು ಒಂದು ಆಯಸ್ಕಾಂತವನ್ನು ತಿರುಗಿಸಬೇಕು, ಅದರ ಸೆಳೆತಕ್ಕೆ ಲೋಹದ ಬಟ್ಟಲೂ ಅದರೊಡನೆ ಮುಳ್ಳೂ ವಾಲಬೇಕು. ನಮ್ಮ ಹಳೆಯ ಗಾಡಿಗಳಲ್ಲಿ ಆ ಕೇಬಲ್ಲೇ ಇತ್ತು. ತುಂಡಾದರೆ ಮುಳ್ಳು ಮಲಗುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಗಿನದು ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ, ಇನ್ನೂ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, ಕಂಡುಹಿಡಿದ ಪರಿಣಾಮದ ಕೂಸು. ಕರೆಂಟು ಹರಿಯುವ ತಗಡಿನ ಹತ್ತಿರ ಆಯಸ್ಕಾಂತ ಹಿಡಿದರೆ ಅಡ್ಡಡ್ಡಲಾಗಿ ಒಂದು ಸಣ್ಣ ವೋಲ್ಟೇಜು ಹುಟ್ಟುತ್ತದೆ. ಗೇರ್ ಬಾಕ್ಸಿನ ಹೊರಹೋಗುವ ಶಾಫ್ಟಿಗೆ ಹಲ್ಲು ಕಚ್ಚಿಸಿದ ಪುಟ್ಟ ಪ್ಲಾಸ್ಟಿಕ್ ಚಕ್ರ ತಿರುಗುತ್ತದೆ, ಅದರೊಡನೆ ಆಯಸ್ಕಾಂತ ತಿರುಗುತ್ತದೆ, ಸುತ್ತಿಗಿಷ್ಟು ಮಿಡಿತ ಹೋಗುತ್ತದೆ. ಮಿಡಿತ ಎಣಿಸಿ ಮೀಟರು ವೇಗ ಹೇಳುತ್ತದೆ. ಮೂರು ವೈರು: ಒಂದರಲ್ಲಿ ಕರೆಂಟು, ಒಂದು ಅರ್ತು, ಒಂದರಲ್ಲಿ ಸುದ್ದಿ.

ಪ್ರಬಂಧದ ಹೃದಯಭಾಗ ಬಿಡಿಭಾಗದ ಅಂಗಡಿಯಲ್ಲಿದೆ. ನಾನು ಮೂವತ್ತು ವರ್ಷ ಹಸ್ತಪ್ರತಿಶಾಸ್ತ್ರ ಪಾಠ ಮಾಡಿದವನು, ಅದು ಪಿ.ಬಿ. ರಸ್ತೆಯಲ್ಲಿ ಉಪಯೋಗಕ್ಕೆ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅಂಗಡಿಯಾತ ಗಾಜಿನ ಮೇಲೆ ಮೂರು ಸೆನ್ಸಾರ್ ಇಟ್ಟ. “ಇದು ಕಂಪನಿದು, ಇದು ಒರಿಜಿನಲ್, ಇದು ಲೋಕಲ್.” ಕಂಪನಿಯದೂ ಒರಿಜಿನಲ್ಲೂ ಬೇರೆ ಬೇರೆ ಎಂಬ ಈ ವರ್ಗೀಕರಣ ಪಶ್ಚಿಮದ ಯಾವ ವಿದ್ವಾಂಸನಿಗೂ ಹೊಳೆದಿಲ್ಲ. ಮೊದಲನೆಯದು ಕವಿಯ ಸ್ವಹಸ್ತಪ್ರತಿ, ಎರಡನೆಯದು ಶಿಷ್ಯನು ಬರೆದುಕೊಂಡದ್ದು, ಮೂರನೆಯದರಲ್ಲಿ ಲಿಪಿಕಾರ ತನಗೆ ತಿಳಿದಂತೆ ತಿದ್ದಿದ್ದಾನೆ. ಕ್ಲಿಷ್ಟತರವಾದ ಪಾಠವೇ ಮೂಲಕ್ಕೆ ಹತ್ತಿರ ಎಂಬುದು ಸಂಪಾದನೆಯ ಸೂತ್ರ. ಇಲ್ಲಿ ‘ಕ್ಲಿಷ್ಟತರ’ ಎಂಬಲ್ಲಿ ‘ತುಟ್ಟಿ’ ಎಂದು ಓದಿಕೊಳ್ಳತಕ್ಕದ್ದು. ಇದನ್ನು ಭಾವಮೈದುನನಿಗೆ ವಿವರಿಸಿದೆ. ಅವನು ಗೌರವದಿಂದ ಪೂರ್ತಿ ಕೇಳಿ, ಲೋಕಲ್ಲನ್ನೇ ತಗೊಂಡ.

ಜೋಡಿಸುವ ವಿಧಿ ಸರಳ. ಅದನ್ನು ದೀರ್ಘವಾಗಿ ಬರೆಯುವವರು ಗ್ಯಾರೇಜಿಗೆ ಹೋಗದವರು. ಚಕ್ರಕ್ಕೆ ಕಲ್ಲು ಕೊಡಬೇಕು. ಗಾಡಿ ಆರಿರಬೇಕು, ಇಲ್ಲದಿದ್ದರೆ ಸೈಲೆನ್ಸರ್ ಪೈಪು ಮುಂಗೈಗೆ ಮುದ್ರೆ ಒತ್ತುತ್ತದೆ. ಮಂಡಿಯೂರಿ, ಬೆನ್ನ ಮೇಲೆ ಮಲಗಿ, ಒಳಗೆ ಸರಿಯಬೇಕು. ಕನೆಕ್ಟರಿನ ಲಾಕು ಒತ್ತಿ ಎಳೆಯಬೇಕು. ವೈರು ಹಿಡಿದು ಎಳೆದವನು ಎಲೆಕ್ಟ್ರಿಷಿಯನ್ ಮತಕ್ಕೆ ಮತಾಂತರವಾದಂತೆ. ಹತ್ತರ ಪಾನಾದಿಂದ ಒಂದೇ ಬೋಲ್ಟು. ಸೆನ್ಸಾರನ್ನು ಅತ್ತಿತ್ತ ತಿರುಗಿಸುತ್ತ ಹೊರಗೆಳೆದರೆ ಗೇರ್ ಆಯಿಲ್ ನಾಲ್ಕು ಹನಿ ಕಣ್ಣಿಗೇ ಬೀಳುತ್ತದೆ, ಇದಕ್ಕೆ ಅಪವಾದವಿಲ್ಲ. ಹಳೆಯ ರಬ್ಬರ್ ಬಳೆ ತೂತಿನಲ್ಲೇ ಉಳಿಯಿತೇ ನೋಡಬೇಕು. ಹೊಸ ಬಳೆಗೆ ಆಯಿಲ್ ಸವರಿ ಕೂರಿಸಬೇಕು, ಬಿಗಿಯುವಾಗ ಬಲ ತೋರಿಸಬಾರದು. ಉಸ್ತಾದರು ಇಪ್ಪತ್ತು ನಿಮಿಷದಲ್ಲಿ ಮುಗಿಸಿ, ಸ್ಕ್ಯಾನರಿನಿಂದ ಪಂಚಾಕ್ಷರಿಯನ್ನು ಅಳಿಸಿಹಾಕಿದರು. ಮುಳ್ಳು ಎದ್ದಿತು. ಹಳೆಯ ಸೆನ್ಸಾರನ್ನು ನಾನು ಆಕರ ಸಾಮಗ್ರಿಯೆಂದು ಕರ್ಚೀಫಿನಲ್ಲಿ ಕಟ್ಟಿಕೊಂಡೆ.

ಇಲ್ಲಿಗೆ ಪ್ರಬಂಧ ಮುಗಿಯಬೇಕಿತ್ತು. ಆದರೆ ಬುಧವಾರ ಹರಿಹರ ಮುಟ್ಟಿದಾಗ ಮೀಟರು, ಮಂಡಿಪೇಟೆಯಿಂದ ಅಲ್ಲಿಗೆ ಹದಿನೈದೂವರೆ ಕಿಲೋಮೀಟರ್ ಎಂದಿತು. ದಾವಣಗೆರೆಗೂ ಹರಿಹರಕ್ಕೂ 14 ಕಿಲೋಮೀಟರ್ ಎಂದೇ ನಾವೆಲ್ಲ ನಂಬಿದ್ದು. ಎರಡು ಸಾಧ್ಯತೆ: ಮೀಟರು ತಪ್ಪು, ಅಥವಾ ಹರಿಹರ ಸರಿದಿದೆ. ಎರಡನೆಯದನ್ನು ಮೊದಲು ಪರೀಕ್ಷಿಸಿದೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನ 1224ರಿಂದ ತುಂಗಭದ್ರೆಯ ದಂಡೆಯಲ್ಲಿದೆ. ಅವತ್ತೂ ಅಲ್ಲೇ ಇತ್ತು. ನಾನೇ ಹೋಗಿ ನೋಡಿ, ಕೈಮುಗಿದು ಬಂದೆ.

ಬಾಡಿಗೆ ಕೊಡುವ ಸಾವ್ಕಾರರು ಮಾತ್ರ ಈ ಶೋಧಕ್ಕೆ ತಲೆದೂಗಲಿಲ್ಲ. “ಮೊನ್ನೆವರೆಗೂ ಹದಿನಾಲ್ಕಿತ್ತಲ್ಲಪ್ಪ?” ಎಂದರು. “ರೋಡ್ ಕೆಲಸ ನಡೆದೈತ್ರಿ, ಸುತ್ತು ಹಾಕಿ ಬಂದ್ನಿ” ಎಂದ ಭಾವಮೈದುನ, ನನ್ನ ಮುಖ ನೋಡದೆ.

ಹರಿಹರದಲ್ಲಿ 1941ರಿಂದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಊರಿನ ಕೈಗಳಲ್ಲಿ ಆ ಅಳತೆ ಇನ್ನೂ ಇದೆ. ಲೇತ್ ಅಂಗಡಿಯೊಂದರಲ್ಲಿ ಕೂತಿದ್ದ ಹಿರಿಯರೊಬ್ಬರಿಗೆ ನನ್ನ ಕರ್ಚೀಫ್ ಬಿಚ್ಚಿ ತೋರಿಸಿದೆ. ಹೊಸದನ್ನೂ ಬಿಚ್ಚಿಸಿದರು. ಎರಡು ಪ್ಲಾಸ್ಟಿಕ್ ಚಕ್ರಗಳನ್ನೂ ಹೆಬ್ಬೆರಳಿನಿಂದ ತಿರುಗಿಸಿ ಹಲ್ಲೆಣಿಸಿದರು. “ಹಳೇದಕ್ಕೆ ಇಪ್ಪತ್ತು ಮೇಷ್ಟ್ರೆ, ಇದಕ್ಕೆ ಹದಿನೆಂಟು. ಹಲ್ಲು ಕಮ್ಮಿಯಾದ್ರೆ ಚಕ್ರ ಜೋರು ತಿರುಗ್ತದೆ, ಮೀಟರ್ ಜಾಸ್ತಿ ತೋರಿಸ್ತದೆ.” ಹದಿನಾಲ್ಕನ್ನು ಇಪ್ಪತ್ತರಿಂದ ಗುಣಿಸಿ ಹದಿನೆಂಟರಿಂದ ಭಾಗಿಸಿದೆ: ಹದಿನೈದೂವರೆ, ಚೂರು ಮೇಲೆ. ಲಿಪಿಕಾರ ತಿದ್ದಿದ್ದು ಎರಡಕ್ಷರ. ಮೂವತ್ತು ವರ್ಷದಲ್ಲಿ ಇಷ್ಟು ಖಚಿತವಾಗಿ ಪ್ರಕ್ಷೇಪವೊಂದು ಸಿಕ್ಕಿಬಿದ್ದದ್ದು ಇದೇ ಮೊದಲು.

ಹಿರಿಯರು ಕ್ಲಿಪ್ಪು ತೆಗೆದು, ಹಳೆಯ ಇಪ್ಪತ್ತು ಹಲ್ಲಿನ ಚಕ್ರವನ್ನೇ ಹೊಸ ಸೆನ್ಸಾರಿಗೆ ಹಾಕಿಕೊಟ್ಟರು. ದುಡ್ಡು ಬೇಡವೆಂದರು, ಚಹಾ ಕುಡಿದರು. ಸಂಜೆ ವಾಪಸು ಬರುವಾಗ ಮೀಟರು ಹದಿನಾಲ್ಕಕ್ಕೇ ನಿಂತಿತು.

ಮಂಡಿಪೇಟೆಯಲ್ಲಿ ಕಿಲೋಮೀಟರ್ ಲೆಕ್ಕದ ಮೇಲೆ ಪಿಕಪ್ ಬಾಡಿಗೆಗೆ ಹಿಡಿಯುವವರಲ್ಲಿ ಒಂದು ವಿನಂತಿ: ದೂರ ಕೇಳುವ ಮೊದಲು ಹಲ್ಲೆಣಿಸಿಕೊಳ್ಳಿ. ಆ ಹದಿನೆಂಟು ಹಲ್ಲಿನ ಚಕ್ರವನ್ನು ನನ್ನ ಭಾವಮೈದುನ ಬಿಸಾಕಿಲ್ಲ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ, ಇನ್ಶೂರೆನ್ಸ್ ಕಾಗದದ ಕೆಳಗಿಟ್ಟುಕೊಂಡಿದ್ದಾನೆ.