ಒಂದು ಆಂಪಿಯರ್ ಎಂಬ ಒಣ ಪ್ರತಿಷ್ಠೆ

7805 ಎಂಬ ಮೂರು ಕಾಲಿನ ಐಸಿ ಗೊತ್ತಿಲ್ಲದ ರೇಡಿಯೊ ರಿಪೇರಿಯವರು ಕೊಪ್ಪಳ ಸೀಮೆಯಲ್ಲಿ ಸಿಗಲಿಕ್ಕಿಲ್ಲ. ಒಂದು ಕಾಲಿಗೆ 12 ವೋಲ್ಟ್ ಕೊಟ್ಟರೆ ಇನ್ನೊಂದರಲ್ಲಿ 5 ವೋಲ್ಟ್. ನಡುವಿನದು ನೆಗೆಟಿವ್. ಡೇಟಾಶೀಟಿನಲ್ಲಿ ಒಂದು ಆಂಪಿಯರ್ ಎಂದಿರುತ್ತದೆ. ತಕರಾರು ಶುರುವಾಗುವುದೇ ಅಲ್ಲಿಂದ.

ಅಳವಂಡಿಯ ರೈತನೊಬ್ಬ ಟ್ರ್ಯಾಕ್ಟರ್ ಬ್ಯಾಟರಿಯಿಂದ ಮೊಬೈಲ್ ಚಾರ್ಜ್ ಮಾಡಲು ಇದನ್ನೇ ಜೋಡಿಸಿದ ಎನ್ನಿ. ಎಂಜಿನ್ ಓಡುವಾಗ ಬ್ಯಾಟರಿ 14 ವೋಲ್ಟ್ ಮುಟ್ಟುತ್ತದೆ. ಒಂದು ಆಂಪಿಯರ್ ಎಳೆದರೆ ಮೊಬೈಲಿಗೆ 5 ವಾಟ್, ಐಸಿಯ ಹೊಟ್ಟೆಗೆ ಬೆಂಕಿಯಾಗಿ 9 ವಾಟ್! ದೇವರಿಗಿಂತ ಪೂಜಾರಿಗೇ ಹೆಚ್ಚು ನೈವೇದ್ಯ.

ಐಸಿ ಸುಮ್ಮನೆ ಸುಡುವುದಿಲ್ಲ, ಮುನಿಸಿಕೊಳ್ಳುತ್ತದೆ. ಒಳಗಿನ ಶಾಖರಕ್ಷಣೆ ಕರೆಂಟ್ ಕತ್ತರಿಸುತ್ತದೆ, ತಣ್ಣಗಾದ ಮೇಲೆ ಮತ್ತೆ ಬಿಡುತ್ತದೆ. ಮೊಬೈಲಿನಲ್ಲಿ ಚಾರ್ಜಿಂಗ್ ಗುರುತು ಬಂದು ಹೋಗಿ ಮಾಡುತ್ತದೆ. "ಒಂದ್ ಆಂಪಿಯರ್ ಅಂತ ಬರದಾರಲ್ರೀ!" ಎಂದು ಗಿರಾಕಿ ಅಂಗಡಿಯವನ ಮೇಲೆ ಹರಿಹಾಯುತ್ತಾನೆ.

ಬರೆದದ್ದು ಸುಳ್ಳಲ್ಲ, ಆದರೆ ಷರತ್ತು ಉಂಟು. ಹೀಟ್‌ಸಿಂಕ್ ಇಲ್ಲದ 7805 ಪ್ರತಿ ವಾಟಿಗೆ ಸುಮಾರು 65 ಡಿಗ್ರಿ ಏರುತ್ತದೆ. ಒಳಗಿನ ಮಿತಿ 125 ಡಿಗ್ರಿ. ಏಪ್ರಿಲ್ ಬಿಸಿಲು 40 ಎಂದರೆ ಉಳಿದದ್ದು 85, ಅಂದರೆ 1.3 ವಾಟ್. 12 ವೋಲ್ಟಿನಿಂದ ಇಳಿಸುವಾಗ ಸಿಗುವುದು 200 ಮಿಲಿಆಂಪಿಯರಿಗೂ ಕಡಿಮೆ! ಅದರ ಚಿಕ್ಕ ತಮ್ಮ 78ಎಲ್05ಗಂತೂ 100 ಮಿಲಿಆಂಪಿಯರೇ ಗಡಿ.

ಬೆನ್ನಿನ ಲೋಹದ ಪಟ್ಟಿ ನೆಗೆಟಿವ್‌ಗೇ ಸೇರಿದ್ದು; ದೊಡ್ಡ ಅಲ್ಯುಮಿನಿಯಂ ತುಂಡಿಗೆ ಬೋಲ್ಟ್ ಮಾಡಿದರೆ ಕೊಂಚ ಸುಧಾರಿಸುತ್ತದೆ. ಟ್ರ್ಯಾಕ್ಟರಿನ ಮೊಬೈಲ್ ಚಾರ್ಜಿಗೆ ಮಾತ್ರ, ಹೆಚ್ಚಿನ ವೋಲ್ಟನ್ನು ಹೀಗೆ ಬೆಂಕಿಯಾಗಿ ಸುಡದೆ ಇಳಿಸುವ ಬಕ್ ಕನ್ವರ್ಟರೇ ಸರಿ.