ಪ್ರಾಜೆಕ್ಟ್ ಅಪ್ಪ

ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಈತನ ಗುರುತು ಹಿಡಿಯುವುದು ಸುಲಭ. ಮಗಳು ಮೇಜಿನ ಮುಂದಿದ್ದರೆ ಈತ ಅದರ ಹಿಂದೆ. ಉಗುರಿನ ಅಂಚಿನಲ್ಲಿ ಒಣಗಿದ ಫೆವಿಕಾಲ್, ಬಾಯಲ್ಲಿ ‘ಪುಟ್ಟೀ, ಮುಟ್ಬೇಡ, ಕಿತ್ತೋಗುತ್ತೆ’ ಎಂಬ ಜಪ. ಕೈ ಹೇಗೆ ಆಡುತ್ತದೆ ಎಂಬುದನ್ನು ಮಕ್ಕಳು ಮಾಡಿ ಕಲಿಯಲಿ ಎಂದು ಟೀಚರ್ ಹೇಳಿದ್ದರು. ಮಾಡಿದ್ದು ಅಪ್ಪನಾದ್ದರಿಂದ ಕಲಿತದ್ದೂ ಆತನೇ. ಮಗಳು ‘ಕೈಯಲ್ಲಿ 27 ಮೂಳೆಗಳಿವೆ’ ಎಂದು ಒಪ್ಪಿಸುತ್ತಾಳೆ. ಬಂದವರು ಇನ್ನೊಂದು ಪ್ರಶ್ನೆ ಕೇಳಿದರೆ ಉತ್ತರ ಹಿಂದಿನಿಂದ ಬರುತ್ತದೆ.

ರಟ್ಟಿನ ಕೈ ಮಾಡುವ ಈ ಚಟುವಟಿಕೆಯ ಸೊಗಸಿರುವುದೇ ಅದು ಕೆಡುವುದರಲ್ಲಿ. ರಟ್ಟಿನ ಮೇಲೆ ಅಂಗೈ ಇಟ್ಟು ಗೆರೆ ಎಳೆದು ಕತ್ತರಿಸಿ, ಗೆಣ್ಣುಗಳಿರುವಲ್ಲಿ ಮಡಿಚಿ, ಮಧ್ಯೆ ಮಧ್ಯೆ ಸ್ಟ್ರಾ ತುಂಡು ಅಂಟಿಸಿ, ಒಳಗೆ ದಾರ ಪೋಣಿಸಿ ಬೆರಳ ತುದಿಗೆ ಕಟ್ಟಬೇಕು. ಮಣಿಕಟ್ಟಿನ ಕಡೆಯಿಂದ ದಾರ ಎಳೆದರೆ ಬೆರಳು ಮಡಿಚುತ್ತದೆ. ಮಗು ಮಾಡಿದರೆ ಒಂದು ಸ್ಟ್ರಾ ಗೆಣ್ಣಿನ ಮೇಲೇ ಕೂರುತ್ತದೆ, ಬೆರಳು ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ. ಆಗ ಮಗು ತನ್ನ ಬೆರಳನ್ನು ಮಡಿಚಿ ನೋಡಿಕೊಳ್ಳುತ್ತದೆ. ಪಾಠ ಶುರುವಾಗುವುದು ಅಲ್ಲಿ. ಬೆರಳನ್ನು ಬಲವಾಗಿ ಮಡಿಸುವ ಸ್ನಾಯುಗಳು ಬೆರಳಿನಲ್ಲಿಲ್ಲ, ಮೊಣಕೈಗೂ ಮಣಿಕಟ್ಟಿಗೂ ನಡುವೆ ಇವೆ. ಅಲ್ಲಿಂದ ಬೆರಳವರೆಗೆ ಸ್ನಾಯುರಜ್ಜುಗಳು ದಾರದಂತೆ ಹೋಗುತ್ತವೆ. ಒಂದು ಕೈಯಿಂದ ಇನ್ನೊಂದು ತೋಳಿನ ಕೆಳಭಾಗ ಹಿಡಿದು ಮುಷ್ಟಿ ಕಟ್ಟಿದರೆ ಆ ಸ್ನಾಯುಗಳು ಗಟ್ಟಿಯಾಗುವುದು ತಿಳಿಯುತ್ತದೆ. ಇನ್ನು ಹೆಬ್ಬೆರಳು. ರಟ್ಟಿನದ್ದು ಮಡಿಚೀತು, ಆದರೆ ಕಿರುಬೆರಳಿನ ತುದಿಗೆ ತಾಗದು. ನಮ್ಮ ಹೆಬ್ಬೆರಳಿನ ಬುಡದಲ್ಲಿ ಹಿಂದೆ ಮುಂದೆಯೂ ಅಕ್ಕಪಕ್ಕಕ್ಕೂ ವಾಲುವ ಕೀಲು ಇದೆ. ರಾಗಿಮುದ್ದೆ ಮುರಿಯುವುದು ಅದರ ದಯೆಯಿಂದ. ಅಪ್ಪ ಮಾತ್ರ ಹೆಬ್ಬೆರಳಿಗೆ ಬಣ್ಣದ ಕಾಗದ ಸುತ್ತಿ ಲೋಪ ಮುಚ್ಚಿರುತ್ತಾನೆ.

ಈತನ ಸಮರ್ಥನೆಯೂ ಪೂರ್ತಿ ಟೊಳ್ಳಲ್ಲ. ಕತ್ತರಿ ತಾಗೀತು ಎನ್ನುತ್ತಾನೆ. ಮೊಂಡು ತುದಿಯದು ಅಂಗಡಿಯಲ್ಲಿ ಸಿಗುತ್ತದೆ. ಪಕ್ಕದ ಮೇಜಿನದು ಅಷ್ಟು ಚಂದ ಇರುವಾಗ ನಮ್ಮದು ಸೊಟ್ಟಗಿದ್ದರೆ ಅಂಕ ಹೋಗುವುದಿಲ್ಲವೇ ಎನ್ನುತ್ತಾನೆ. ಹೋಗಬಹುದು, ಆದರೆ ಪಕ್ಕದ್ದೂ ಒಬ್ಬ ಅಪ್ಪನದೇ! ಹಾಗಾದರೆ ಅದು ಮಕ್ಕಳ ಸ್ಪರ್ಧೆಯೇ ಅಲ್ಲ. ಮಗುವಿನ ಜೊತೆ ಕೂರುವುದು ತಪ್ಪೇ ಎಂದು ಆತ ಕೇಳಿದರೆ ಮಾತ್ರ ನಮ್ಮ ಸಿಟ್ಟು ಇಳಿಯುತ್ತದೆ. ಆತನ ಕಾಲದಲ್ಲಿ ವಿಜ್ಞಾನವೆಂದರೆ ಚಿತ್ರ ಬರೆದು ಭಾಗ ಗುರುತಿಸುವುದು. ರಟ್ಟು, ದಾರ, ಗೋಂದು ಯಾರೂ ಕೊಟ್ಟವರಿಲ್ಲ. ದಾರ ಎಳೆದಾಗ ಬೆರಳು ಬಾಗಿದ್ದು ನೋಡಿ ಹಿಗ್ಗಿದ ಮುಖ ಸುಳ್ಳಲ್ಲ. ಆ ಹಿಗ್ಗು ಮಗಳಿಗೆ ಸಲ್ಲಬೇಕಿತ್ತು, ಅಷ್ಟೇ.

ಆದ್ದರಿಂದ ಟೀಚರುಗಳಲ್ಲಿ ಒಂದು ವಿನಂತಿ. ಮುಂದಿನ ಸಲ ಮಕ್ಕಳ ಕೈಲಿ ತರಗತಿಯಲ್ಲೇ ಮಾಡಿಸಿ. ಮನೆಗೆ ಇನ್ನೊಂದು ರಟ್ಟು ಕಳಿಸಿ, ಅದರ ಮೇಲೆ ‘ಅಪ್ಪನಿಗೆ’ ಎಂದು ಬರೆಯಿರಿ.